ಬಿಸಿ ಬಟ್ಟಲಿನೊಳಗಿನ ಕಾಡು

ಯುರೋಪಿನ ಉತ್ತರ ಭಾಗದಲ್ಲಿ ಡಿಸೆಂಬರ್ ಎಂದರೆ ಕತ್ತಲೆಯ ತಿಂಗಳು. ಬರ್ಲಿನ್ ನಗರದಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗಿರುತ್ತಾನೆ. ಸ್ಟಾಕ್‌ಹೋಮಿನಲ್ಲಿ ಮೂರು ಗಂಟೆಯನ್ನೂ ಕಾಯುವುದಿಲ್ಲ. ಇಂತಹ ಸಂಜೆಗಳಲ್ಲಿ ಅಲ್ಲಿನ ಮನೆಗಳಲ್ಲಿ, ಊರಿನ ಚೌಕಗಳಲ್ಲಿ ಜನ ಕೂಡುತ್ತಾರೆ. ಕೂಡಿದಲ್ಲೆಲ್ಲ ಒಂದು ಪಾತ್ರೆಯಲ್ಲಿ ಕೆಂಪು ವೈನ್ ಮೆಲ್ಲನೆ ಬಿಸಿಯಾಗುತ್ತಿರುತ್ತದೆ. ಜರ್ಮನರು ಅದನ್ನು ಗ್ಲ್ಯೂವೈನ್ ಎನ್ನುತ್ತಾರೆ, ಸ್ವೀಡನ್ನಿನವರು ಗ್ಲೊಗ್ ಎನ್ನುತ್ತಾರೆ, ಇಂಗ್ಲಿಷರಿಗೆ ಅದು ಮಲ್ಡ್ ವೈನ್. ಹೆಸರು ಯಾವುದಿದ್ದರೂ ಒಳಗಿರುವುದು ಬಹುಮಟ್ಟಿಗೆ ಒಂದೇ: ವೈನ್, ಸಕ್ಕರೆ ಅಥವಾ ಜೇನು, ಕಿತ್ತಳೆಯ ಸಿಪ್ಪೆ, ದಾಲ್ಚಿನ್ನಿ, ಲವಂಗ, ಸ್ವೀಡನ್ನಿನಲ್ಲಿ ಇವುಗಳ ಜೊತೆಗೆ ಏಲಕ್ಕಿ, ಬಟ್ಟಲಿನ ತಳದಲ್ಲಿ ಬಾದಾಮಿ ಮತ್ತು ಒಣದ್ರಾಕ್ಷಿ.

ಪಶ್ಚಿಮಘಟ್ಟದ ಹಳ್ಳಿಗಳಿಗೆ ತಲುಪುವ ಪತ್ರಿಕೆಯೊಂದರಲ್ಲಿ ಈ ಪರದೇಶದ ಪಾನೀಯಕ್ಕೇನು ಕೆಲಸ ಎಂದು ಓದುಗರು ಕೇಳುವುದು ಸಹಜ. ಪಾತ್ರೆಯಲ್ಲಿ ಏನೇನಿದೆ ಎಂದು ಒಮ್ಮೆ ಎಣಿಸಿ ನೋಡಿದರೆ ಉತ್ತರ ಸಿಗುತ್ತದೆ. ದ್ರಾಕ್ಷಿಯೊಂದನ್ನು ಬಿಟ್ಟರೆ ಆ ಪಾನೀಯಕ್ಕೆ ಪರಿಮಳ ಕೊಡುವ ಮುಖ್ಯ ವಸ್ತುಗಳಲ್ಲಿ ಯಾವುದೂ ಹಿಮ ಬೀಳುವ ನೆಲದಲ್ಲಿ ಬೆಳೆಯುವುದಿಲ್ಲ. ದಾಲ್ಚಿನ್ನಿ ಶ್ರೀಲಂಕೆಯದು, ಲವಂಗ ಮೊಲುಕ್ಕ ದ್ವೀಪಗಳದು, ಏಲಕ್ಕಿ ಮತ್ತು ಕಾಳುಮೆಣಸು ಇದೇ ಸಹ್ಯಾದ್ರಿಯ ನಿತ್ಯಹರಿದ್ವರ್ಣ ಕಾಡಿನ ಮಕ್ಕಳು. ಯುರೋಪಿನ ಚಳಿಗಾಲದ ಕೂಟ ಎರಡು ಸಾವಿರ ವರ್ಷಗಳಿಂದಲೂ ಉಷ್ಣವಲಯದ ಕಾಡುಗಳ ಮೇಲೆ ನಿಂತಿದೆ.

ಎರಡು ಸಾವಿರ ವರ್ಷ ಎಂಬುದು ಅತಿಶಯೋಕ್ತಿಯಲ್ಲ. ಅಪೀಸಿಯಸ್ ಎಂಬ ಹೆಸರಿನಲ್ಲಿ ಉಳಿದು ಬಂದಿರುವ ರೋಮನ್ ಪಾಕಗ್ರಂಥದ ಮೊಟ್ಟಮೊದಲ ಪಾಕವೇ ಮಸಾಲೆ ಬೆರೆಸಿದ ವೈನಿನದು. ಜೇನನ್ನು ವೈನಿನೊಡನೆ ಕಾಯಿಸಿ, ಅದಕ್ಕೆ ಕಾಳುಮೆಣಸು, ಕೇಸರಿ, ಖರ್ಜೂರ ಸೇರಿಸುವ ಕ್ರಮ ಅಲ್ಲಿದೆ. ಆ ಮೆಣಸು ಮಲಬಾರಿನ ಮುಜಿರಿಸ್ ಮೊದಲಾದ ಬಂದರುಗಳಿಂದ ಕೆಂಪು ಸಮುದ್ರವನ್ನು ದಾಟಿ ಹೋಗುತ್ತಿತ್ತು. ಭಾರತವು ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ನಾಣ್ಯಗಳನ್ನು ಹೀರಿಕೊಳ್ಳುತ್ತಿದೆ ಎಂದು ಮೊದಲನೆಯ ಶತಮಾನದ ಪ್ಲಿನಿ ಗೊಣಗಿದ್ದಾನೆ. ಕ್ರಿ.ಶ. 408ರಲ್ಲಿ ರೋಮ್ ನಗರಕ್ಕೆ ಮುತ್ತಿಗೆ ಹಾಕಿದ ಅಲಾರಿಕ್, ಬಿಡುಗಡೆಯ ಬೆಲೆಯಾಗಿ ಚಿನ್ನ ಬೆಳ್ಳಿಗಳ ಜೊತೆಗೆ ಮೂರು ಸಾವಿರ ಪೌಂಡ್ ಮೆಣಸನ್ನೂ ಕೇಳಿದ. ಮಧ್ಯಯುಗದಲ್ಲಿ ಇದೇ ಪಾನೀಯ ಹಿಪೊಕ್ರಾಸ್ ಎಂಬ ಹೆಸರಿನಲ್ಲಿ, ದಾಲ್ಚಿನ್ನಿ, ಶುಂಠಿ, ಸಕ್ಕರೆಗಳೊಡನೆ ಬಟ್ಟೆಯ ಚೀಲದಲ್ಲಿ ಸೋಸಿ, ಅರಮನೆಗಳ ಊಟದ ಕೊನೆಗೆ ಬರುತ್ತಿತ್ತು. ಬಡವನಿಗೆ ಆಗ ಅದು ಎಟುಕುವ ವಸ್ತುವಾಗಿರಲಿಲ್ಲ. 1843ರಲ್ಲಿ ಪ್ರಕಟವಾದ ಡಿಕನ್ಸನ ಕ್ರಿಸ್ಮಸ್ ಕಥೆಯ ಕೊನೆಗೆ ಜಿಪುಣ ಯಜಮಾನ ತನ್ನ ಗುಮಾಸ್ತನನ್ನು ಬಿಸಿ ಮಸಾಲೆ ವೈನಿನ ಬಟ್ಟಲಿಗೆ ಕರೆಯುವ ಹೊತ್ತಿಗೆ ಮಸಾಲೆ ಅಗ್ಗವಾಗಿತ್ತು.

ಅಗ್ಗವಾದದ್ದು ಹೇಗೆ ಎಂಬ ಪ್ರಶ್ನೆಯನ್ನು ಕ್ರಿಸ್ಮಸ್ ಸಂತೆಗಳಲ್ಲಿ ಯಾರೂ ಕೇಳುವುದಿಲ್ಲ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯಿಂದ ಆಳುತ್ತಿದ್ದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದರು. ಅವಳ ಬಂದರುಗಳಿಂದ ಮೆಣಸು ಕೊಳ್ಳುವುದಕ್ಕೂ, ಅವಳೊಡನೆ ಕಾದಾಡುವುದಕ್ಕೂ ಅವರು ಹಿಂಜರಿಯಲಿಲ್ಲ. ಆ ಮೆಣಸು ಬಂದದ್ದು ಘಟ್ಟದ ಕಾನುಗಳಿಂದ ಮತ್ತು ತೋಟಗಳಿಂದ. ಇನ್ನೂ ಪೂರ್ವಕ್ಕೆ ಹೋದರೆ ಕಥೆ ಕ್ರೂರವಾಗುತ್ತದೆ. 1621ರಲ್ಲಿ ಡಚ್ಚರು ಜಾಯಿಕಾಯಿಗಾಗಿ ಬಂಡಾ ದ್ವೀಪದ ಜನರನ್ನು ಕೊಂದರು, ಉಳಿದವರಲ್ಲಿ ಹಲವರನ್ನು ಗುಲಾಮರನ್ನಾಗಿ ಸಾಗಿಸಿದರು. ಲವಂಗದ ಬೆಲೆ ಕುಸಿಯದಿರಲೆಂದು ತಮ್ಮ ಹಿಡಿತದ ದ್ವೀಪಗಳ ಹೊರಗಿನ ಲವಂಗದ ಮರಗಳನ್ನೆಲ್ಲ ಹುಡುಕಿ ಹುಡುಕಿ ಕಡಿಸಿದರು. ಒಂದು ಮರವನ್ನು ಬೆಲೆಗೋಸ್ಕರ ನಿರ್ಮೂಲ ಮಾಡುವ ಬುದ್ಧಿ ಇಂದಿನದಲ್ಲ.

ಇಷ್ಟೆಲ್ಲ ಹೊತ್ತು ಬಂದ ಪಾನೀಯವಾದರೂ ಅದನ್ನು ಮಾಡುವ ಕ್ರಮ ಬಲು ಸರಳ. ಸರಳವಾದುದರಿಂದಲೇ ಕೆಡಿಸುವುದೂ ಸುಲಭ. ಯುರೋಪಿನ ಗೃಹಿಣಿಯರು ಅನುಸರಿಸುವ ಒಳ್ಳೆಯ ಕ್ರಮದಲ್ಲಿ ವೈನಿಗೆ ನೇರವಾಗಿ ಮಸಾಲೆ ಬೀಳುವುದಿಲ್ಲ. ಮೊದಲು ಅರ್ಧ ಲೋಟ ನೀರಿಗೆ ನಾಲ್ಕು ಚಮಚ ಸಕ್ಕರೆ, ಬೆರಳುದ್ದದ ಒಂದು ದಾಲ್ಚಿನ್ನಿ ಚಕ್ಕೆ, ಐದಾರು ಲವಂಗ, ಬಿರಿಸಿದ ಎರಡು ಏಲಕ್ಕಿ, ಬೇಕಾದರೆ ಹತ್ತು ಕಾಳು ಮೆಣಸು, ಕಿತ್ತಳೆಯ ಹೊರಸಿಪ್ಪೆಯ ತೆಳು ಎಳೆಗಳನ್ನು ಹಾಕಿ ಹತ್ತು ನಿಮಿಷ ಸಣ್ಣಗೆ ಕುದಿಸುತ್ತಾರೆ. ಪರಿಮಳವೆಲ್ಲ ಆ ಪಾಕಕ್ಕೆ ಇಳಿದ ಮೇಲೆ ಒಂದು ಬಾಟಲಿ, ಅಂದರೆ 750 ಮಿಲಿಲೀಟರ್, ಸಾಧಾರಣ ಕೆಂಪು ವೈನನ್ನು ಸುರಿದು, ಪಾತ್ರೆ ಮುಚ್ಚಿ, ಸಣ್ಣ ಉರಿಯಲ್ಲಿ ಹಬೆಯಾಡುವವರೆಗೆ ಮಾತ್ರ ಬಿಸಿ ಮಾಡುತ್ತಾರೆ. ವೈನ್ ಕುದಿಯಬಾರದು. ಮದ್ಯಸಾರ 78 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುವ ವಸ್ತು. ಪಾತ್ರೆ ಅದಕ್ಕಿಂತ ಕಾದಷ್ಟೂ ಮದ್ಯಸಾರದೊಡನೆ ಹಣ್ಣಿನ ನವಿರಾದ ಪರಿಮಳವೂ ಹಾರಿಹೋಗಿ, ಹುಳಿಯೂ ಒಗರೂ ಮುಂದೆ ಬರುತ್ತವೆ. ಲವಂಗವನ್ನು ಗಂಟೆಗಟ್ಟಲೆ ಒಳಗೇ ಬಿಟ್ಟರೆ ಬಾಯಿ ಮರಗಟ್ಟುವ ಕಹಿ ಬರುತ್ತದೆ. ಆದ್ದರಿಂದ ಸೋಸಿಬಿಡುವುದೇ ಲೇಸು. ಕಿತ್ತಳೆ ಸಿಪ್ಪೆಯ ಒಳಗಿನ ಬಿಳಿಯ ಪದರವೂ ಕಹಿಯೇ.

ಪಾತ್ರೆಯ ವಿಷಯದಲ್ಲಿ ಮಲೆನಾಡಿನ ಅಜ್ಜಿಯರಿಗೆ ಯಾರೂ ಪಾಠ ಹೇಳಬೇಕಿಲ್ಲ. ಹುಳಿಯನ್ನು ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಗಳಲ್ಲಿ ಕಾಯಿಸಬಾರದೆಂಬುದು ಅವರಿಗೆ ಗೊತ್ತು. ವೈನ್ ಹುಳಿಯ ವಸ್ತು. ಸ್ಟೀಲು ಅಥವಾ ಪಿಂಗಾಣಿ ಲೇಪದ ಪಾತ್ರೆಯೇ ಅದಕ್ಕೆ ತಕ್ಕದ್ದು, ಅಲ್ಯೂಮಿನಿಯಮ್ ಕೂಡ ಸಲ್ಲದು.

ಸಿಪ್ಪೆಯ ಮಾತು ಬಂದಾಗ ಇನ್ನೊಂದನ್ನು ಹೇಳಲೇಬೇಕು. ದೂರದ ಮಾರುಕಟ್ಟೆಗೆ ಹೋಗುವ ಕಿತ್ತಳೆಗಳು ಕೊಳೆಯದಿರಲೆಂದು ಕೊಯ್ಲಿನ ನಂತರ ಅವುಗಳ ಮೇಲೆ ಇಮಜಲಿಲ್, ಥಯಾಬೆಂಡಜೋಲ್‌ನಂತಹ ಶಿಲೀಂಧ್ರನಾಶಕಗಳನ್ನು ಬಳಿದು, ಮೇಣವನ್ನೂ ಲೇಪಿಸುತ್ತಾರೆ. ಹಣ್ಣು ತಿನ್ನುವವರು ಸಿಪ್ಪೆ ಎಸೆಯುತ್ತಾರೆ. ಬಿಸಿ ವೈನ್ ಮಾಡುವವರು ಆ ಸಿಪ್ಪೆಯನ್ನೇ ಕುದಿಸುತ್ತಾರೆ. ಜರ್ಮನಿಯ ಪಾಕಪುಸ್ತಕಗಳು ಔಷಧಿ ಹೊಡೆಯದ ಹಣ್ಣನ್ನೇ ಆರಿಸಿ ಎಂದು ಒತ್ತಿ ಹೇಳುವುದು ಇದಕ್ಕಾಗಿ. ಒಂದು ಕಾಲದಲ್ಲಿ ಕಾಫಿ ತೋಟದ ನೆರಳಿನಲ್ಲಿ ರಾಸಾಯನಿಕದ ಹಂಗಿಲ್ಲದೆ ಬೆಳೆಯುತ್ತಿದ್ದ ಕೊಡಗಿನ ಕಿತ್ತಳೆ ರೋಗಗಳಿಗೆ ಸಿಕ್ಕಿ ಬಹುಪಾಲು ತೋಟಗಳಿಂದ ಮರೆಯಾದದ್ದು ಇಲ್ಲಿ ನೆನಪಾಗದೆ ಇರದು.

ದಾಲ್ಚಿನ್ನಿಯದು ಇದಕ್ಕಿಂತ ದೊಡ್ಡ ಪ್ರಶ್ನೆ. ಅಂಗಡಿಯಲ್ಲಿ ಚಕ್ಕೆ ಎಂದು ಸಿಗುವುದೆಲ್ಲ ದಾಲ್ಚಿನ್ನಿಯಲ್ಲ. ಶ್ರೀಲಂಕೆಯ ನಿಜವಾದ ದಾಲ್ಚಿನ್ನಿಯ ತೊಗಟೆ ಕಾಗದದಂತೆ ತೆಳು. ಹಲವು ಪದರಗಳನ್ನು ಒಂದರೊಳಗೊಂದು ಸುರುಳಿ ಸುತ್ತಿರುತ್ತಾರೆ, ಬೆರಳಲ್ಲಿ ಅದುಮಿದರೆ ಪುಡಿಯಾಗುತ್ತದೆ. ಚೀನಾ, ವಿಯೆಟ್ನಾಂ, ಇಂಡೋನೇಷ್ಯಾಗಳಿಂದ ಬರುವ ಕ್ಯಾಸಿಯಾ ದಪ್ಪ, ಒಂದೇ ಪದರದ್ದು, ಗಟ್ಟಿ, ಅಗ್ಗ. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ವಸ್ತು ಹೆಚ್ಚಾಗಿರುತ್ತದೆ. ಅದು ಕೆಲವರ ಯಕೃತ್ತಿಗೆ ಹಾನಿ ಮಾಡಬಲ್ಲದು. ನಿಜವಾದ ದಾಲ್ಚಿನ್ನಿಯಲ್ಲಿ ಅದು ಇದ್ದೂ ಇಲ್ಲದಷ್ಟು. 2006ರ ಚಳಿಗಾಲದಲ್ಲಿ, ಹಬ್ಬದ ಬಿಸ್ಕತ್ತುಗಳಲ್ಲಿ ಕೂಮರಿನ್ ಮಿತಿಮೀರಿದೆಯೆಂದು ಜರ್ಮನಿಯ ಆಹಾರ ಸುರಕ್ಷತಾ ಸಂಸ್ಥೆ ಎಚ್ಚರಿಸಿದಾಗ ಆ ದೇಶದ ಅಡುಗೆಮನೆಗಳಲ್ಲಿ ಸಣ್ಣ ಕೋಲಾಹಲವೇ ಆಯಿತು. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.1 ಮಿಲಿಗ್ರಾಂ ಕೂಮರಿನ್ ಸಹ್ಯವೆಂಬುದು ಯುರೋಪಿನ ಲೆಕ್ಕ. ಅರವತ್ತು ಕಿಲೋ ತೂಗುವವರಿಗೆ ದಿನಕ್ಕೆ ಎರಡು ಗ್ರಾಂ ಕ್ಯಾಸಿಯಾ ಪುಡಿ ಎಂದು ಅದೇ ಸಂಸ್ಥೆ ಅದನ್ನು ಬಿಡಿಸಿ ಹೇಳಿತು. ವರ್ಷಕ್ಕೊಮ್ಮೆ ಕುಡಿಯುವ ಬಟ್ಟಲಿನಿಂದ ಯಾರಿಗೂ ಕೇಡಾಗದು. ಆದರೆ ದಾಲ್ಚಿನ್ನಿ ಮಧುಮೇಹಕ್ಕೆ ಮದ್ದೆಂದು ನಂಬಿ ದಿನವೂ ಚಮಚಗಟ್ಟಲೆ ಪುಡಿ ನುಂಗುವವರು ಕರ್ನಾಟಕದ ಊರುಗಳಲ್ಲಿಯೂ ಇದ್ದಾರೆ, ಅವರ ಕೈಯಲ್ಲಿರುವುದು ಬಹುತೇಕ ಕ್ಯಾಸಿಯಾ.

ಮದ್ಯದ ಬಗ್ಗೆ ಹಾಡಿಹೊಗಳುವ ಉದ್ದೇಶ ಈ ಬರಹಕ್ಕಿಲ್ಲ. ಘಟ್ಟದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಸಾರಾಯಿಯ ವಿರುದ್ಧ ಬೀದಿಗಿಳಿದದ್ದನ್ನು ಬಲ್ಲ ಓದುಗರಿಗೆ ಅದು ಬೇಕಾಗಿಯೂ ಇಲ್ಲ. ಬಿಸಿ ವೈನ್ ಕುಡಿದರೆ ಮೈ ಬೆಚ್ಚಗಾಗುತ್ತದೆಂಬುದು ಅರ್ಧಸತ್ಯ: ಮದ್ಯಸಾರ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಬೆಚ್ಚನೆಯ ಭಾವ ಬರುತ್ತದೆ, ಒಳಗಿನ ಶಾಖ ಮಾತ್ರ ಬೇಗನೆ ಹೊರಗೆ ಸೋರುತ್ತದೆ. ಕಾಯಿಸಿದರೆ ಮದ್ಯಸಾರ ಹೋಗಿಬಿಡುತ್ತದೆಂಬುದೂ ತಪ್ಪು ತಿಳಿವಳಿಕೆ. ಅರ್ಧ ಗಂಟೆ ಕುದಿಸಿದ ಅಡುಗೆಯಲ್ಲಿಯೂ ಮೂರನೆಯ ಒಂದು ಭಾಗದಷ್ಟು ಉಳಿದಿರಬಲ್ಲದು. ಐರೋಪ್ಯ ಒಕ್ಕೂಟದ ಕಾನೂನಿನಂತೆ ಗ್ಲ್ಯೂವೈನ್ ಎಂದು ಮಾರುವ ಪಾನೀಯದಲ್ಲಿ ಮದ್ಯಸಾರ ಕನಿಷ್ಠ ಶೇ. 7ರಷ್ಟು ಇರಲೇಬೇಕು. ಮದ್ಯ ಎಷ್ಟು ಕಡಿಮೆಯಾದರೂ ಆರೋಗ್ಯಕ್ಕೆ ಸಂಪೂರ್ಣ ಸುರಕ್ಷಿತವೆನ್ನುವ ಪ್ರಮಾಣವಿಲ್ಲ ಎಂದು 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿಯೇ ಹೇಳಿದೆ. ಅಲ್ಲಿನ ಮಕ್ಕಳಿಗೂ ಕುಡಿಯದವರಿಗೂ ಇದೇ ಮಸಾಲೆಯನ್ನು ಸೇಬು ಅಥವಾ ದ್ರಾಕ್ಷಿಯ ರಸದಲ್ಲಿ ಕಾಯಿಸಿ ಕೊಡುತ್ತಾರೆ. ರುಚಿಯಲ್ಲಿ ಅದೇನೂ ಹಿಂದೆ ಬೀಳುವುದಿಲ್ಲ. ಕೊತ್ತಂಬರಿ, ಜೀರಿಗೆ, ಮೆಣಸು, ಶುಂಠಿಯ ಕಷಾಯದ ರುಚಿ ಬಲ್ಲ ನಾಲಗೆಗೆ ಮಸಾಲೆಯ ಬಿಸಿ ಎಂಬುದು ಹೊಸ ಸುದ್ದಿಯೂ ಅಲ್ಲ.

ಜರ್ಮನಿಯ ಚಳಿಗಾಲದ ಸಂತೆಗಳಿಂದ ಕಲಿಯಬೇಕಾದುದು ಪಾನೀಯಕ್ಕಿಂತ ಅದರ ಬಟ್ಟಲು. ಅಲ್ಲಿ ಬಿಸಿ ವೈನ್ ಕೊಡುವುದು ಪಿಂಗಾಣಿಯ ಗಟ್ಟಿ ಬಟ್ಟಲಿನಲ್ಲಿ. ಪಾನೀಯದ ಬೆಲೆಯ ಜೊತೆಗೆ ಬಟ್ಟಲಿಗೂ ಠೇವಣಿ ತೆಗೆದುಕೊಳ್ಳುತ್ತಾರೆ. ಕುಡಿದು ಮರಳಿಸಿದರೆ ಹಣ ವಾಪಸು. ಊರಿನ ಹೆಸರು, ವರ್ಷ ಬರೆದ ಬಟ್ಟಲು ಇಷ್ಟವಾದವರು ಠೇವಣಿ ಬಿಟ್ಟು ಮನೆಗೆ ಒಯ್ಯುವುದೂ ಉಂಟು. ಸಾವಿರಾರು ಜನ ಸೇರುವ ಚೌಕದಲ್ಲಿ ಹೀಗೆ ಬಟ್ಟಲು ಸುತ್ತು ತಿರುಗುತ್ತಲೇ ಇರುತ್ತದೆ, ಕಸದ ತೊಟ್ಟಿ ತುಂಬಿ ಹರಿಯುವುದಿಲ್ಲ. ಸಹ್ಯಾದ್ರಿಯ ಜಾತ್ರೆಗಳು ಮುಗಿದ ಮರುದಿನದ ಬೆಳಿಗ್ಗೆ, ಡಿಸೆಂಬರಿನ ರೆಸಾರ್ಟುಗಳ ಕ್ಯಾಂಪ್‌ಫೈರ್ ಆರಿದ ಮರುದಿನದ ಬೆಳಿಗ್ಗೆ ಹಳ್ಳದ ದಂಡೆಯಲ್ಲಿ ಬಿದ್ದಿರುವ ಕಾಗದದ ಲೋಟಗಳ ರಾಶಿಯನ್ನು ಕಂಡವರಿಗೆ ಈ ವ್ಯವಸ್ಥೆಯ ಬೆಲೆ ತಿಳಿದೀತು. ಆ ಕಾಗದದ ಒಳಮೈಗೆ ಪ್ಲಾಸ್ಟಿಕ್ಕಿನ ಲೇಪವಿರುತ್ತದೆ. ಅದು ಕಾಗದದಂತೆ ಕರಗುವುದಿಲ್ಲ. ದೇವಸ್ಥಾನದ ಸಮಿತಿಯೊಂದು ಇನ್ನೂರು ಸ್ಟೀಲು ಲೋಟ ಕೊಂಡು ಹತ್ತು ರೂಪಾಯಿಯ ಠೇವಣಿ ಇಡಲು ಜರ್ಮನಿಯ ತಂತ್ರಜ್ಞಾನವೇನೂ ಬೇಕಿಲ್ಲ. ಹಾಗೆಂದು ಅಲ್ಲಿನ ಸಂತೆಗಳೆಲ್ಲ ಪುಣ್ಯಕ್ಷೇತ್ರಗಳೂ ಅಲ್ಲ. ಅಗ್ಗದ ಸಿದ್ಧ ಗ್ಲ್ಯೂವೈನ್ ಪೊಟ್ಟಣಗಳಲ್ಲಿ ಅಂಗಡಿಯ ಕಪಾಟು ತುಂಬುವುದೂ ಅದೇ ದೇಶದಲ್ಲಿ.

ಕೂಟದ ನೆಪವಾದ ಚಳಿಯೇ ಈಗ ಮೊದಲಿನಂತಿಲ್ಲ. ಫ್ರಾನ್ಸಿನ ಬರ್ಗಂಡಿ ಪ್ರಾಂತದ ಬೋನ್ ಎಂಬ ಊರಿನಲ್ಲಿ ದ್ರಾಕ್ಷಿಯ ಕೊಯ್ಲು ಯಾವ ದಿನ ಆರಂಭವಾಯಿತು ಎಂಬ ದಾಖಲೆ 1354ರಿಂದ ಸಿಗುತ್ತದೆ. ಅದನ್ನು ಪರಿಶೀಲಿಸಿದ ಸಂಶೋಧಕರು 1988ರ ನಂತರ ಕೊಯ್ಲು ಹಿಂದಿನ ಶತಮಾನಗಳಿಗಿಂತ ಸರಾಸರಿ ಹದಿಮೂರು ದಿನ ಮುಂಚೆಯೇ ಬರುತ್ತಿದೆ ಎಂದು 2019ರಲ್ಲಿ ಪ್ರಕಟಿಸಿದರು. ಬಳ್ಳಿಯಲ್ಲಿಯೇ ಹೆಪ್ಪುಗಟ್ಟಿದ ಹಣ್ಣಿನಿಂದ ಮಾಡುವ ಜರ್ಮನಿಯ ‘ಐಸ್ ವೈನ್’ಗೆ ಮೈನಸ್ 7 ಡಿಗ್ರಿಯ ಚಳಿ ಬೇಕು. 2019-20ರ ಚಳಿಗಾಲದಲ್ಲಿ ಆ ದೇಶದ ಯಾವ ಪ್ರಾಂತದಲ್ಲಿಯೂ ಅಷ್ಟು ಚಳಿ ಬೀಳದೆ ಆ ವೈನಿನ ಬೆಳೆ ಮೊದಲ ಬಾರಿಗೆ ಇಡಿಯಾಗಿ ಕೈತಪ್ಪಿತು. ಮಳೆಯ ಲೆಕ್ಕ ತಪ್ಪಿ ಮೆಣಸಿನ ಬಳ್ಳಿ ಸೊರಗು ರೋಗಕ್ಕೆ ಸಿಕ್ಕುವ ಮಲೆನಾಡಿನ ಕೃಷಿಕನಿಗೂ, ಬರಿಗೈಯಲ್ಲಿ ನಿಂತ ಆ ದ್ರಾಕ್ಷಿ ಬೆಳೆಗಾರನಿಗೂ ಪರಸ್ಪರ ಪರಿಚಯವಿಲ್ಲ. ಅವರಿಬ್ಬರ ಸಂಕಟ ಒಂದೇ ಬಟ್ಟಲಿನಲ್ಲಿ ಕಲೆಯುತ್ತದೆ.

ಏಲಕ್ಕಿಯ ವಿಚಾರ ನೋಡಬಹುದು. ಸ್ವೀಡನ್ನಿನ ಗ್ಲೊಗ್‌ಗೂ, ಅಲ್ಲಿನ ಸಿಹಿ ಬ್ರೆಡ್ಡಿಗೂ ಅದು ಬೇಕೇ ಬೇಕು. ಆದರೆ ಇಂದು ಲೋಕದಲ್ಲಿ ಅತಿ ಹೆಚ್ಚು ಏಲಕ್ಕಿ ರಫ್ತು ಮಾಡುವುದು ಗ್ವಾಟೆಮಾಲ. ಜರ್ಮನ್ ಕಾಫಿ ತೋಟಗಾರರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿಗೆ ಒಯ್ದ ಗಿಡ ಅದು. ತವರಿನಲ್ಲಿ ಏಲಕ್ಕಿ ಬಯಸುವುದು ಎತ್ತರದ ಮರಗಳ ನೆರಳು, ತೇವದ ಗಾಳಿ, ಎಲೆಗೊಬ್ಬರ. ಅದರ ಹೂವಿಗೆ ತುಡುವೆ, ಹೆಜ್ಜೇನು ಬಂದರೆ ಮಾತ್ರ ಕಾಯಿ ಕಚ್ಚುತ್ತದೆ. ನೆರಳು ಕಡಿದು, ವರ್ಷಕ್ಕೆ ಹಲವು ಸಲ ಕೀಟನಾಶಕ ಹೊಡೆದು ಇಳುವರಿ ಏರಿಸಹೊರಟ ಕಡೆಗಳಲ್ಲಿ ಹೊಡೆತ ಬಿದ್ದದ್ದು ಮೊದಲು ಆ ನೊಣಗಳಿಗೇ. ಕಾಳುಮೆಣಸಿನದು ಬೆಲೆಯ ಸಂಕಟ: ವಿಯೆಟ್ನಾಮಿನ ಅಗ್ಗದ ಮೆಣಸು ಬೇರೆ ಬೇರೆ ದಾರಿಯಿಂದ ಒಳಗೆ ಬಂದು ಬೆಲೆ ಕುಸಿದಾಗ, ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ವಿಧಿಸಬೇಕಾಯಿತು.

ಎಲ್ಲಕ್ಕಿಂತ ಹತ್ತಿರದ, ಎಲ್ಲಕ್ಕಿಂತ ಮೌನವಾದ ನಷ್ಟ ಕಾಡುದಾಲ್ಚಿನ್ನಿಯದು. ದಾಲ್ಚಿನ್ನಿಯ ಜಾತಿಯ ಹಲವು ಮರಗಳು ಪಶ್ಚಿಮಘಟ್ಟದ ಕಾಡುಗಳಲ್ಲಿ ತಾವಾಗಿಯೇ ಬೆಳೆಯುತ್ತವೆ; ಅವುಗಳಲ್ಲಿ ಕೆಲವು ಈ ಬೆಟ್ಟಸಾಲನ್ನು ಬಿಟ್ಟು ಜಗತ್ತಿನ ಬೇರೆಲ್ಲಿಯೂ ಇಲ್ಲ. ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳ ಕಾಡುಗಳಿಂದ ಇವುಗಳ ತೊಗಟೆ, ಎಲೆ, ಎಳೆಗಾಯಿಗಳು ಮಸಾಲೆ ವ್ಯಾಪಾರಕ್ಕೆ ಹೋಗುತ್ತವೆ. ಕಿರುಅರಣ್ಯ ಉತ್ಪನ್ನದ ಗುತ್ತಿಗೆ ಒಂದೆರಡು ವರ್ಷದ್ದಾದಾಗ ಮರದ ಮುಂದಿನ ವರ್ಷದ ಚಿಂತೆ ಗುತ್ತಿಗೆದಾರನಿಗಿರುವುದಿಲ್ಲ. ಕಾಯಿಗೆ ಕೈ ಎಟುಕದಿದ್ದರೆ ಕೊಂಬೆಯನ್ನೇ ಕಡಿಯುತ್ತಾರೆ, ತೊಗಟೆಗಾಗಿ ನಿಂತ ಮರದ ಸುತ್ತಲೂ ಸುಲಿಯುತ್ತಾರೆ. ಸುತ್ತಲೂ ಸುಲಿದ ಮರ ಉಳಿಯುವುದಿಲ್ಲ. ಕಾಯಿ ಎಳೆಯದಿದ್ದಾಗಲೇ ಕೊಯ್ದರೆ ಬೀಜವಿಲ್ಲ. ಬೀಜವಿಲ್ಲದಿದ್ದರೆ ಸಸಿಯಿಲ್ಲ, ಹಣ್ಣು ತಿಂದು ಬೀಜ ಹರಡುವ ಹಕ್ಕಿಗೂ ಆಹಾರವಿಲ್ಲ. ಉಪ್ಪಾಗೆ, ರಾಂಪತ್ರೆಗಳಿಗೂ ಬೆಲೆ ಏರಿದ ವರ್ಷಗಳಲ್ಲಿ ಇದೇ ಗತಿ ಬಂದದ್ದನ್ನು ಆ ಭಾಗದ ಹಳ್ಳಿಗರು ಕಂಡಿದ್ದಾರೆ. ಈ ದುಡಿಮೆಯಲ್ಲಿ ಮರ ಹತ್ತುವವನಿಗೆ ಸಿಗುವುದು ಅತಿ ಕಡಿಮೆ ಪಾಲು. ಅವನನ್ನು ಕಳ್ಳನೆನ್ನುವುದು ಸುಲಭ; ನಾಳೆ ಬೇರೊಬ್ಬ ಬಂದು ಕಡಿದೇ ಕಡಿಯುತ್ತಾನೆಂದು ತಿಳಿದವನು ಇಂದು ಕಾಯುವುದೆಂತು?

2006ರ ಅರಣ್ಯ ಹಕ್ಕು ಕಾಯಿದೆ ಕಿರುಅರಣ್ಯ ಉತ್ಪನ್ನಗಳ ಮೇಲೆ ಅರಣ್ಯವಾಸಿ ಸಮುದಾಯಕ್ಕೆ ಹಕ್ಕನ್ನು ಕೊಟ್ಟಿದೆ. ಕಾಡನ್ನು ಕಾಯುವ ಅಧಿಕಾರವನ್ನೂ ಗ್ರಾಮಸಭೆಗೆ ಕೊಟ್ಟಿದೆ. 2002ರ ಜೀವವೈವಿಧ್ಯ ಕಾಯಿದೆಯಡಿ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಸಂಪತ್ತಿನ ದಾಖಲಾತಿ ಆಗಬೇಕು. ಹಲವು ಪಂಚಾಯಿತಿಗಳಲ್ಲಿ ಈ ಸಮಿತಿ ಕಾಗದದ ಮೇಲಷ್ಟೇ ಉಸಿರಾಡುತ್ತಿದೆ. ಕೊಯ್ಲಿನ ಹಂಗಾಮಿಗೆ ಮೊದಲೇ ಗ್ರಾಮಸಭೆ ಸೇರಿ, ಊರಿನ ಕಾನಿನಲ್ಲಿ ಎಷ್ಟು ದಾಲ್ಚಿನ್ನಿ ಮರಗಳಿವೆ, ಎಷ್ಟರಲ್ಲಿ ಕೊಯ್ಯಬಹುದು, ಯಾವುವನ್ನು ಬೀಜಕ್ಕೆ ಬಿಡಬೇಕು ಎಂದು ಗೊತ್ತುಪಡಿಸಿದರೆ ಗುತ್ತಿಗೆದಾರನ ಮುಂದೆ ನಿಲ್ಲಲು ಒಂದು ಆಧಾರವಾದರೂ ಇರುತ್ತದೆ. ಮರಗಳನ್ನು ಎಣಿಸಿ ಗುರುತಿಸುವ ಕೆಲಸ ಕಾಲೇಜಿನ ವಿದ್ಯಾರ್ಥಿಗಳು ಎರಡು ಭಾನುವಾರಗಳಲ್ಲಿ ಮಾಡಿ ಮುಗಿಸಬಹುದಾದದ್ದು.

ಕಾಡಿನ ಮೇಲಿನ ಒತ್ತಡ ಇಳಿಯಬೇಕಾದರೆ ಬೇಲಿಯ ಅಂಚಿಗೆ ದಾಲ್ಚಿನ್ನಿ ಬರಬೇಕು. ಶ್ರೀಲಂಕೆಯ ಬೆಳೆಗಾರರು ಮರವನ್ನು ಮರವಾಗಿ ಬೆಳೆಯಗೊಡುವುದಿಲ್ಲ. ಎರಡು ಮೂರು ವರ್ಷದ ಕಾಂಡವನ್ನು ನೆಲದ ಹತ್ತಿರ ಕಡಿದರೆ ಬುಡದಿಂದ ಹಲವು ಚಿಗುರು ಏಳುತ್ತವೆ. ನೆಟ್ಟಗಿರುವ ನಾಲ್ಕೈದನ್ನು ಉಳಿಸಿಕೊಂಡು, ಅವು ಬೆರಳು ದಪ್ಪ ದಾಟಿದಾಗ ಮತ್ತೆ ಕಡಿಯುತ್ತಾರೆ. ಬೇರು ಸಾಯುವುದಿಲ್ಲ, ಬುಡ ದಶಕಗಳ ಕಾಲ ಚಿಗುರುತ್ತಲೇ ಇರುತ್ತದೆ. ಕಲ್ಲಿಕೋಟೆಯ ಭಾರತೀಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ನವಶ್ರೀ, ನಿತ್ಯಶ್ರೀ ಎಂಬ ತಳಿಗಳು ನಿಜವಾದ ದಾಲ್ಚಿನ್ನಿಯವು. ಅಡಿಕೆ ತೋಟದ ಅಂಚಿನಲ್ಲಿಯೂ ಮನೆಯ ಹಿತ್ತಿಲಿನಲ್ಲಿಯೂ ಬರುವ ಗಿಡಗಳು. ಮಳೆಗಾಲದಲ್ಲಿ, ಕೆಂಪು ಚಿಗುರು ಹಸಿರಿಗೆ ತಿರುಗಿದ ಮೇಲೆ, ತೊಗಟೆ ಕಾಂಡದಿಂದ ಸುಲಭವಾಗಿ ಬಿಡುತ್ತದೆ. ಹೊರಗಿನ ಒರಟು ಸಿಪ್ಪೆಯನ್ನು ಹೆರೆದು ತೆಗೆದು, ಹಿತ್ತಾಳೆಯ ಕೋಲಿನಿಂದ ಕಾಂಡವನ್ನು ತಿಕ್ಕಿ, ಚೂಪು ಚೂರಿಯಿಂದ ಉದ್ದಕ್ಕೆ ಎರಡು ಗೀರು ಎಳೆದರೆ ಒಳತೊಗಟೆ ಬಿಡಿಯಾಗುತ್ತದೆ. ಅದನ್ನು ಬಿಸಿಲಿಗೆ ಹಾಕದೆ ನೆರಳಿನಲ್ಲಿ ಒಣಗಿಸಬೇಕು. ಒಣಗುತ್ತ ಒಣಗುತ್ತ ತಾನೇ ಸುರುಳಿಯಾಗುತ್ತದೆ.